ಬ್ಯಾಟರಿಗೆ ಹೊಟ್ಟೆ ಬಂದದ್ದು

ನನ್ನ ಹೆಂಡತಿ ಕಮಲವ್ವ ತೀರಿಕೊಂಡ ಮೇಲೆ ಅವಳ ಮೊಬೈಲನ್ನು ದೇವರ ಮಾಡದಲ್ಲಿ, ನಂದಾದೀಪದ ಪಕ್ಕಕ್ಕೆ ಇಟ್ಟೆ. ಅದರೊಳಗೆ ಅವಳ ಧ್ವನಿ ಇತ್ತು; ಮೊಮ್ಮಗಳು ತೃಪ್ತಿ ಎಂದೋ ತಮಾಷೆಗೆ ಹಿಡಿದಿಟ್ಟದ್ದು. ದೀಪದಂತೆ ಮೊಬೈಲೂ ಆರಬಾರದೆಂದು ಚಾರ್ಜರನ್ನು ಹಗಲಿರುಳು ಚುಚ್ಚಿಯೇ ಇಟ್ಟಿದ್ದೆ. ಕಲ್ಲೋಳಿಯಲ್ಲಿ ಕರೆಂಟು ಹೋದಾಗ ಣಮೋಕಾರ ಜಪಿಸುತ್ತಿದ್ದೆ. ಬಂದರೆ ಮಂತ್ರದ ಫಲ. ಲೈನ್‌ಮನ್‌ಗೆ ಅದರಲ್ಲಿ ಪಾಲು ಕೊಡುತ್ತಿರಲಿಲ್ಲ.

೨೦೦೭ರ ಬೇಸಿಗೆಯಲ್ಲಿ ಮೊಬೈಲಿನ ಬೆನ್ನಿನ ಮುಚ್ಚಳ ತಾನಾಗಿ ಕಳಚಿತು. ಬ್ಯಾಟರಿ ಹಬ್ಬದ ಮರುದಿನದ ನನ್ನ ಹಾಗೆ ಉಬ್ಬಿತ್ತು. ಮೊಬೈಲು ಏಳಲಿಲ್ಲ. ಧ್ವನಿಯೂ ಹೋಯಿತೆಂದು ಆ ದಿನ ನಾನು ಉಣ್ಣಲಿಲ್ಲ. ನೆರೆಯವರು ಅದನ್ನು ಉಪವಾಸವೆಂದು ತಿಳಿದು ಕೈಮುಗಿದರು, ನಾನೂ ತಿದ್ದಲಿಲ್ಲ.

ತೃಪ್ತಿ ಧಾರವಾಡದಲ್ಲಿ ಇಂಥ ಬ್ಯಾಟರಿಗಳ ಮೇಲೆಯೇ ಸಂಶೋಧನೆ ಮಾಡುತ್ತಿದ್ದಳು. ರಜೆಗೆ ಬಂದವಳು ಮೊದಲು ಆ ಬ್ಯಾಟರಿಯನ್ನು ಅಂಗಳದ ಮರಳಿನಲ್ಲಿ ಇಟ್ಟು ಬಂದಳು. ಆಮೇಲೆ ನನ್ನ ಮುಖ ನೋಡಿದಳು.

"ಅಜ್ಜಾ, ಯಾವಾಗ್ಲೂ ತುಂಬಿಸೇ ಇಟ್ಟಿದ್ರಿ?"

"ಖಾಲಿ ಆಗಬಾರದಂತ."

ಪೂರ್ತಿ ಚಾರ್ಜ್ ಆದಾಗ ಕ್ಯಾಥೋಡ್ ಎಂಬ ಧನತುದಿಯಿಂದ ಲಿಥಿಯಂ ಬಹಳಷ್ಟು ಹೊರಟುಹೋಗಿರುತ್ತದಂತೆ. ಹಸಿದ ಆ ತುದಿ ಸುತ್ತಲಿನ ಎಲೆಕ್ಟ್ರೊಲೈಟ್ ದ್ರಾವಣವನ್ನೇ ಕಿತ್ತು ತಿನ್ನುತ್ತದೆ. ದ್ರಾವಣ ಒಡೆದು ಅನಿಲವಾಗುತ್ತದೆ. ವೋಲ್ಟೇಜ್ ಏರಿದಷ್ಟೂ, ಕಾವು ಹೆಚ್ಚಿದಷ್ಟೂ ಇದು ಬೇಗ. ಹೆಚ್ಚಿನ ವೋಲ್ಟೇಜನ್ನು ತಾಳಿಕೊಂಡು, ಕ್ಯಾಥೋಡಿನ ಮೈಗೆ ತೆಳುವಾದ ಪೊರೆ ಕಟ್ಟಿ ಕಾಯುವ ದ್ರಾವಣವನ್ನು ತಾವು ಹುಡುಕುತ್ತಿದ್ದೇವೆ, ಇನ್ನೂ ಸಿಕ್ಕಿಲ್ಲ ಎಂದಳು.

"ಹೊಟ್ಟಿ ಬಿರಿಯ ಉಣಬಾರದು, ಅವಮೌದರ್ಯ ದೊಡ್ಡ ತಪಸ್ಸು ಅಂತ ಬಸದ್ಯಾಗ ಪ್ರವಚನ ಹೇಳ್ತೀರಿ. ಬ್ಯಾಟರಿಗಷ್ಟ ಯಾಕ್ರಿ ಅಂಥಾ ಊಟ?"

ಊರಿಗೆಲ್ಲ ಮಿತಾಹಾರ ಬೋಧಿಸಿದವನು ಬ್ಯಾಟರಿಯನ್ನು ಉಣಿಸಿಯೇ ಕೊಂದಿದ್ದೆ. ಅದೂ ದೇವರ ಎದುರಿಗೆ, ದೀಪದ ಕಾವಿನಲ್ಲಿ.

ಧ್ವನಿ ಇರುವುದು ಬ್ಯಾಟರಿಯಲ್ಲಲ್ಲ, ಫೋನಿನಲ್ಲಿ ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಾಲಿಗೆ ಚಪ್ಪಲಿ ಏರಿತ್ತು. ಮೂಡಲಗಿಯಲ್ಲಿ ಸಿಗದ ಬ್ಯಾಟರಿ ಗೋಕಾಕದಲ್ಲಿ ಸಿಕ್ಕಿತು. ಅಂಗಡಿಯ ಕಟ್ಟೆಯ ಮೇಲೆಯೇ ಕುಳಿತು ಕಮಲವ್ವನ ಧ್ವನಿ ಕೇಳಿದೆವು.

"ಹೊತ್ತ ಮುಳಗಾಕತೈತಿ, ಉಣ್ಣಾಕ ಬರ್ರಿ. ಪ್ರವಚನ ನಾಳೆ ಹೇಳೀರಂತ."

ಅಂಗಡಿಯವನು ನಕ್ಕ. ನಾನು ಶಲ್ಯದಿಂದ ಕನ್ನಡಕ ಒರೆಸಿದೆ, ಒರೆಸಬೇಕಾದದ್ದು ಕನ್ನಡಕವಾಗಿರಲಿಲ್ಲ.

ಇನ್ನು ಇದನ್ನು ಅರ್ಧ ತುಂಬಿಸಿ, ಆರಿಸಿ, ತಂಪಾದ ಕಪಾಟಿನಲ್ಲಿ ಇಡಬೇಕು ಎಂದಳು ತೃಪ್ತಿ. ಆರಿಸಿದರೆ ಮಾತ್ರ ಹೆಚ್ಚು ದಿನ ಬಾಳುತ್ತದೆ. ಆರಿಸುವ ಗುಂಡಿ ಯಾವುದೆಂದು ಕೇಳಿದೆ. ತೋರಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ. ಮತ್ತೆ ತೋರಿಸಿದಳು, ನಗಲಿಲ್ಲ. ಇನ್ನೊಮ್ಮೆ ಕೇಳಲು ನಾಚಿಕೆಯಾಗಿ ಒತ್ತಿದೆ.