ಗಟ್ಟಿ ಮೊಸರು, ಮೆತ್ತನೆಯ ಗಾಡಿ

ಹೆಪ್ಪು ಹಾಕಿದ ಹಾಲಿಗೆ ತೊಟ್ಟು ಬಿಡಿಸದ ಒಂದು ಹಸಿಮೆಣಸಿನಕಾಯಿ ಹಾಕಿಡುವುದು ನಮ್ಮ ಮನೆಯ ರೂಢಿ. ಬೆಳಿಗ್ಗೆ ನೋಡಿದರೆ ಅದು ಕೆನೆಯಲ್ಲಿ ಅರ್ಧ ಹೂತು, ಕೌದಿ ಹೊದ್ದ ಕೂಸಿನಂತೆ ಮಲಗಿರುತ್ತಿತ್ತು. ನಾವು ಮೊಸರು ಕೊಡುತ್ತಿದ್ದ ಖಾನಾವಳಿ ಮುಟ್ಟುವವರೆಗೂ ಹಾಗೆಯೇ ಮಲಗಿದ್ದರೆ ಮೊಸರು ಒಡೆದಿಲ್ಲವೆಂದು ಅರ್ಥ.

ಆ ದಿನಗಳಲ್ಲಿ ಮಾತ್ರ, ಅಲ್ಲಿ ಮುಟ್ಟುವಷ್ಟರಲ್ಲಿ ಅದು ಮೊಸರೊಡೆದ ನೀರಿನಲ್ಲಿ ತೇಲುತ್ತಿತ್ತು. ನಮ್ಮ ಮನೆಯವರ ಹಳೆಯ ಮೋಟರ್‌ಸೈಕಲ್ಲಿನ ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳ ಎಣ್ಣೆ ಸೋರಿಹೋಗಿತ್ತು. ನಾನು ಗಡಿಗೆಯನ್ನು ತೊಡೆಯ ಮೇಲೆ ತಬ್ಬಿ ಹಿಂದೆ ಕೂತರೆ, ರಸ್ತೆಯ ಗುಂಡಿ ಬಂದಾಗಲೆಲ್ಲ ಗಾಡಿ ಎಳೆಗರುವಿನಂತೆ ಹಿಂಭಾಗ ಎತ್ತಿ ಕುಣಿಯುತ್ತಿತ್ತು.

"ಕೊಟ್ರೇಶಪ್ಪ, ಮಸರು ತಂದೀರೋ, ಮಜ್ಜಿಗಿ ತಂದೀರೋ?" ಎಂದಳು ಖಾನಾವಳಿಯ ಗುರಸಿದ್ದವ್ವ, ನಮ್ಮ ಮನೆಯವರಿಗೆ. "ಹಿಂಗ ಆದ್ರ ನಾ ಬ್ಯಾರೆ ಕಡಿ ತಗೋತೀನಿ. ಸಿಟ್ಟಾಗಬ್ಯಾಡ್ರಿ."

ನಮ್ಮ ಮನೆಯ ಒಲೆ ಉರಿಯುತ್ತಿದ್ದುದೇ ಆಕೆಗೆ ಕೊಡುವ ಆ ಗಡಿಗೆಯಿಂದ.

ಗ್ಯಾರೇಜಿನವನು ಜೋಡಿಯನ್ನೇ ಹೊಸದು ಹಾಕಬೇಕೆಂದ. ಅವನು ಹೇಳಿದ ಬೆಲೆ ಕೇಳಿ ನಮ್ಮ ಮನೆಯವರು ತಲೆ ಕೆರೆದುಕೊಂಡರು. "ಎಮ್ಮಿ ಮಾರಿದ್ರ ಆಗಬಹುದು."

"ಎಮ್ಮಿ ಮಾರಿ ಗಾಡಿ ರಿಪೇರಿ ಮಾಡಿಸಿದ್ರ, ಗಾಡ್ಯಾಗ ಏನ್ ಒಯ್ಯೋದ್ರಿ?" ಎಂದೆ.

"ಹಂಗಾರ ಎಣ್ಣಿ ನಾನ ತುಂಬತೀನಿ ತಗಾ."

ಅಂಗಳದಲ್ಲಿ ಗೋಣಿಚೀಲ ಹಾಸಿದರು. ಇಬ್ಬರೂ ಸೇರಿ ಎರಡರ ಸ್ಪ್ರಿಂಗನ್ನೂ ಅದುಮಿ ಕಳಚಿದೆವು. ಒಳಗಿನಿಂದ ಕಷಾಯದಂಥ ಕರಿ ಎಣ್ಣೆ ನಾಲ್ಕು ಹನಿ ಇಳಿಯಿತು. ಹೊಸ ಸೀಲು ಕೂರಿಸಿ, ಹೊಸ ಎಣ್ಣೆಯನ್ನು ಬಾಯಿತನಕ ಸುರಿದರು. "ಜುಗ್ಗತನ ಮಾಡಬಾರ್ದು. ಹೊಟ್ಟಿ ತುಂಬ ಕುಡೀಲಿ," ಎಂದರು ಪ್ರೀತಿಯಿಂದ.

ಮರುದಿನ ಗಾಡಿ ಕುಣಿಯಲಿಲ್ಲ ನಿಜ. ಬಗ್ಗಲೂ ಇಲ್ಲ. ಒನಕೆಯ ಮೇಲೆ ಕೂತು ಹೋದಂತಿತ್ತು. ಗುರಸಿದ್ದವ್ವ ಗಡಿಗೆಯ ಬಟ್ಟೆ ಬಿಚ್ಚಿದಳು. ಮೆಣಸಿನಕಾಯಿ ತೇಲುತ್ತಿತ್ತು. ಆಕೆ ಬಟ್ಟೆಯನ್ನು ಮತ್ತೆ ಗಡಿಗೆಗೆ ಕಟ್ಟತೊಡಗಿದಳು.

"ಎಣ್ಣಿ ತುಂಬೇನ್ರಿ ಅಕ್ಕಾರ. ಒಂಚೂರೂ ಕಡಿಮಿ ಮಾಡಿಲ್ಲ," ಎಂದರು ಇವರು, ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಊಟ ಮುಗಿಸಿದ ದಪ್ಪನೆಯ ಹಿರಿಯರೊಬ್ಬರು ಬಾಗಿಲಿಗೆ ಬಂದು, ಚಪ್ಪಲಿ ಮೆಟ್ಟಲು ಒದ್ದಾಡತೊಡಗಿದರು.

"ನೋಡ್ರಿ ಅಲ್ಲಿ," ಎಂದಳು ಗುರಸಿದ್ದವ್ವ, ಅವರಿಗೆ ಕೇಳದಂತೆ. "ಗಂಟಲಮಟ ಹೋಳಿಗಿ ಉಂಡಾರ. ಬಗ್ಗಾಕ ಆಗವಲ್ದು. ನಿಮ್ಮ ಗಾಡೀಗೂ ಹಂಗ ಉಣಿಸೀರೇನೋ."

ನನಗೆ ನಗು ತಡೆಯಲಾಗಲಿಲ್ಲ. ಇವರು ಮಾತ್ರ ನಗದೆ ಆ ಹಿರಿಯರ ಹೊಟ್ಟೆಯನ್ನೇ ನೋಡುತ್ತ ನಿಂತುಬಿಟ್ಟರು. ಆಮೇಲೆ ತಮಗೆ ತಾವೇ ಎಂಬಂತೆ, "ಒಳಗ ಜಾಗಾನ ಬಿಟ್ಟಿಲ್ಲಲ್ಲ ನಾನು," ಎಂದರು. "ಅಕ್ಕಾರ, ನಾಳಿ ಒಂದಿನ ನೋಡ್ರಿ."

"ನಾಳೀಗೇ ಕಡೀ ಮತ್ತ."

ಸಂಜೆ ಎರಡನ್ನೂ ಮತ್ತೆ ಬಿಚ್ಚಿ, ಒಂದಿಷ್ಟು ಎಣ್ಣೆ ಚೆಲ್ಲಿ, ಮೇಲೆ ಗಾಳಿಗೆ ಜಾಗ ಬಿಟ್ಟು ಮುಚ್ಚಿದರು. ಜೋಡಿಸಿದ ಮೇಲೆ ಸೀಟನ್ನು ಅದುಮಿದರೆ ಗಾಡಿ ನಿಧಾನ ಕುಸಿದು, ನಿಟ್ಟುಸಿರುಬಿಟ್ಟು, ನಿಧಾನ ಎದ್ದಿತು. "ಉಸಿರಾಡಾಕತ್ತು ನೋಡು," ಎಂದರು.

ಮರುದಿನ ಕೆರೆ ಏರಿಯ ದಾರಿಯಲ್ಲಿ, ದಿನವೂ ನನ್ನ ಹಲ್ಲು ಕಟಕ್ಕೆನ್ನಿಸುತ್ತಿದ್ದ ಕಲ್ಲು ಬಂದಾಗ ಕಣ್ಣು ಮುಚ್ಚಿಕೊಂಡೆ. ಗಾಡಿ ಬಗ್ಗಿ, ನಮಸ್ಕಾರ ಮಾಡಿ ಎದ್ದಂತೆ ದಾಟಿತು. ಮಾತಾಡಿದರೆ ಎಲ್ಲಿ ಮೊಸರು ಅಲುಗೀತೋ ಎಂದು ಇಬ್ಬರೂ ಬಾಯಿ ಬಿಡಲಿಲ್ಲ.

ಗುರಸಿದ್ದವ್ವ ಕೈ ತೊಳೆದು ಬಂದು ಬಟ್ಟೆ ಬಿಚ್ಚಿದಳು. ನಮ್ಮಿಬ್ಬರ ಮುಖ ನೋಡಿದಳು. ಸೌಟು ತಂದು, ಕೌದಿಯೊಳಗಿನ ಕೂಸಿಗೆ ಎಚ್ಚರವಾದೀತೇನೋ ಎಂಬಂತೆ, ಗಡಿಗೆಯ ಅಂಚಿನಿಂದ ಮೆಲ್ಲಗೆ ಮೊಸರು ಕೊರೆಯತೊಡಗಿದಳು.