ಟೈಲರಮ್ಮನ ಸುಳ್ಳು

ಕ್ರೈಸ್ತ ಸಭೆಗೆ ಹೊಸದಾಗಿ ಬಂದವರಿಗೆ ಪಾಠ ಹೇಳಿ, ದೀಕ್ಷಾಸ್ನಾನಕ್ಕೆ ಸಿದ್ಧಪಡಿಸುವ ಕೆಲಸ ಟೈಲರಮ್ಮನದು. ಹೊಲಿಗೆ ಮಷೀನಿನ ಪಕ್ಕದ ಬೆಂಚೇ ಪಾಠಶಾಲೆ. ಅವಳೇನು ಕಡಿಮೆಯವಳಲ್ಲ, ಅಂಗಿಯ ಅಳತೆಯ ಜೊತೆಗೆ ಭಕ್ತಿಯ ಅಳತೆಯನ್ನೂ ತೆಗೆಯುತ್ತಿದ್ದಳು. ಕೊನೆಯ ಪಾಠದಲ್ಲಿ ಒಂದು ಪ್ರಶ್ನೆ ಕೇಳುವುದು ಸಭೆಯ ವಾಡಿಕೆ: ಕೇಡು ಮಾಡಿದವರನ್ನೆಲ್ಲ ಕ್ಷಮಿಸಿದ್ದೀರಾ? ಎಲ್ಲರೂ ಕಣ್ಣು ಮುಚ್ಚಿ ಹೂಂ ಎಂದು ನೀರಿಗಿಳಿಯುತ್ತಿದ್ದರು. ಮರುದಿನವೇ ನಲ್ಲಿಯ ಹತ್ತಿರ ಜುಟ್ಟು ಹಿಡಿದು ಜಗಳವಾಡುತ್ತಿದ್ದರು, ಅದು ಬೇರೆ ಮಾತು.

ಇಸ್ತ್ರಿಯವಳು ಮಾತ್ರ ಇಲ್ಲ ಎಂದುಬಿಟ್ಟಳು.

"ಗಂಡನ್ನ ಕ್ಷಮಿಸಿಲ್ಲ ಅಕ್ಕ. ಬಸುರಿ ಅಂತಾನೂ ನೋಡ್ದೆ ಹೊಟ್ಟೆಗೆ ಒದ್ದ. ಮಗು ಹೋಯ್ತು. ದೇವ್ರ ಮುಂದೆ ಸುಳ್ಳು ಹೇಳ್ಲಾ?"

"ಅಯ್ಯೋ ತಾಯಿ, ಹೂಂ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?"

"ಬಾಯಿ ಬರಲ್ಲ ಅಕ್ಕ. ಕಾಯ್ತೀನಿ. ಅಷ್ಟರಲ್ಲಿ ನಂಗೇನಾದ್ರೂ ಆದ್ರೆ ನಿಮ್ಮ ಸಭೆಯ ಜಾಗದಲ್ಲೇ ಮಣ್ಣು ಮಾಡ್ಸಿ. ಸತ್ತ ಮೇಲಾದ್ರೂ ಅವನಿಂದ ದೂರ ಇರ್ತೀನಿ."

ಟೈಲರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಜನಕ್ಕೆ ಪಾಠ ಹೇಳಿದ ತನಗೇ ಇವಳು ಪಾಠ ಹೇಳುವುದೇ? ಅವಳ ಮನಸ್ಸು ಮೆತ್ತಗಾಗಲಿ ಎಂದು, ಪಾದ್ರಿಗಳಿಗೆ ಕಾರಣ ಹೇಳದೆ, ಸ್ನಾನವನ್ನು ಮುಂದಕ್ಕೆ ಹಾಕಿಸಿದಳು. ಅಷ್ಟರಲ್ಲಿ ಇಸ್ತ್ರಿಯವಳಿಗೆ ಜ್ವರ ಹಿಡಿದು ಎದೆಗಿಳಿಯಿತು. ಆಸ್ಪತ್ರೆಯ ಮಂಚದ ಮೇಲೆ ಏದುಸಿರು ಬಿಡುತ್ತಲೇ ಹೋಗಿಬಿಟ್ಟಳು. ಟೈಲರಮ್ಮ ಎದೆ ಬಡಿದುಕೊಂಡು ಅತ್ತಳು. ಒಂದು ತೊಟ್ಟಿ ನೀರಿಗೆ ಅವಳನ್ನು ಕಾಯಿಸಿದೆನಲ್ಲ, ನನ್ನ ಬಾಯಿಗೆ ಹುಳ ಬೀಳಲಿ, ಎಂದು ತನ್ನನ್ನೇ ಶಪಿಸಿಕೊಂಡಳು.

ಶವಾಗಾರದ ಬಾಗಿಲಲ್ಲಿ ಗಂಡ ನಿಂತಿದ್ದ. ಲಾರಿ ಓಡಿಸುವವನು. ನನ್ನ ಹೆಂಡತಿ, ನಮ್ಮವರ ಜಾಗಕ್ಕೇ ಒಯ್ಯುತ್ತೇನೆ ಎಂದು ಹಟ ಹಿಡಿದಿದ್ದ. ಪಾದ್ರಿಗಳು ಟೈಲರಮ್ಮನ ಕಡೆ ತಿರುಗಿದರು.

"ಸ್ನಾನ ಆಗಿಲ್ಲ. ಆದ್ರೂ ಪಾಠ ಮುಗಿಸಿದ್ರೆ ನಮ್ಮವಳು ಅಂತ ಹಿರಿಯರು ಒಪ್ತಾರೆ. ಕೊನೇ ಪ್ರಶ್ನೆಗೆ ಹೂಂ ಅಂದಿದ್ಳೇನಮ್ಮ?"

ಇಲ್ಲ ಎಂದರೆ ಆ ಬಡಪಾಯಿ ಮತ್ತೆ ಅವನ ಪಾಲಾಗುತ್ತಾಳೆ.

"ಅಂದಿದ್ಳು ಅಯ್ಯನವರೇ," ಎಂದಳು ಟೈಲರಮ್ಮ. "ಎಲ್ಲರನ್ನೂ ಕ್ಷಮಿಸಿದ್ಳು. ನಮ್ಮಲ್ಲೇ ಮಣ್ಣು ಮಾಡ್ಬೇಕು ಅಂತಾನೂ ಕೇಳ್ಕೊಂಡಿದ್ಳು."

"ನನ್ನನ್ನೂ ಕ್ಷಮಿಸಿದ್ಳಾ?" ಎಂದ ಗಂಡ.

ಪಾದ್ರಿಗಳು ನೋಡುತ್ತಲೇ ಇದ್ದರು. ಆಡಿದ ಮಾತನ್ನು ನುಂಗಿಕೊಳ್ಳಲಾಗದೆ ಟೈಲರಮ್ಮ ತಲೆಯಾಡಿಸಿದಳು.

ಅವನು ಟೈಲರಮ್ಮನ ಕಾಲ ಬಳಿ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಹಟವೂ ಹೋಯಿತು. ಎದ್ದಾಗ ಮುಖ ಚೆನ್ನಾಗಿ ನಿದ್ದೆ ಮಾಡಿದವನ ಹಾಗೆ ಹಗುರವಾಗಿತ್ತು. ಇಸ್ತ್ರಿಯವಳು ಕೊನೆಯುಸಿರಿನವರೆಗೂ ಕೊಡದೆ ಬಿಗಿಹಿಡಿದದ್ದನ್ನು ಟೈಲರಮ್ಮ ಕೊಟ್ಟುಬಿಟ್ಟಿದ್ದಳು.

ಸಭೆಯ ಜಾಗದಲ್ಲೇ ಮಣ್ಣಾಯಿತು. ಗುಂಡಿ ಮುಚ್ಚಿದ ಮೇಲೆ ಗಂಡ ಪಾದ್ರಿಗಳಿಗೆ ಕೈಮುಗಿದ.

"ನನ್ನನ್ನೂ ಸೇರಿಸ್ಕೊಳ್ಳಿ ಅಯ್ಯನವರೇ. ಅವಳಿಗೆ ಅಂಥ ಮನಸ್ಸು ಕೊಟ್ಟ ದೇವ್ರು ನಂಗೂ ಬೇಕು. ನಾಳೆ ನಾನು ಸತ್ರೆ ಅವಳ ಪಕ್ಕದಲ್ಲೇ ಮಲಗಿಸಿ."

ಪಾದ್ರಿಗಳ ಕಣ್ಣು ತುಂಬಿ ಬಂತು. ಅವನನ್ನು ಅಪ್ಪಿಕೊಂಡರು. ನೆರೆದವರೆಲ್ಲ ಒಬ್ಬೊಬ್ಬರಾಗಿ ಬಂದು ಅವನ ಕೈ ಕುಲುಕಿದರು.

"ಆಯ್ತಪ್ಪ, ಪಕ್ಕದ ಜಾಗ ನಿಂಗೇ ಇರ್ಲಿ. ಭಾನುವಾರದಿಂದ ಪಾಠಕ್ಕೆ ಬಾ. ನಮ್ಮ ಟೈಲರಮ್ಮನೇ ಹೇಳ್ಕೊಡ್ತಾರೆ."

ಈಗ ನಿಜ ಹೇಳಿದರೆ ಅವಳನ್ನು ಅಗೆದು ತೆಗೆಸುತ್ತಾರೆ. ಹೇಳದಿದ್ದರೆ ಇವನು ಬಂದು ಪಕ್ಕದಲ್ಲಿ ಮಲಗುತ್ತಾನೆ. ಟೈಲರಮ್ಮ ಆ ಹಸಿ ಮಣ್ಣಿನ ಮೇಲೆ ತಲೆ ಹಿಡಿದು ಕೂತುಬಿಟ್ಟಳು.

"ಪಾಪ, ಎಷ್ಟು ಹಚ್ಕೊಂಡಿದ್ರು ನೋಡಿ," ಎಂದು ಹೆಂಗಸರು ಅವಳ ಬೆನ್ನು ಸವರಿದರು.