ಉರಿಗಾಳಿಯ ಕಡೆಯ ಹಾಡು

ತಮ್ಮ ಪರಮಾನಂದ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಚಿಮ್ಮಡದಿಂದ ಬನಹಟ್ಟಿಗೆ ಬರುವ ಬಸ್ಸಿನಲ್ಲಿ, ಗುರುತಿಲ್ಲದ ಹುಡುಗಿಯೊಬ್ಬಳ ಮೊಬೈಲಿನಿಂದ.

ಮುಂಜಾನೆ ಹೊಲಕ್ಕೆ ಹೋಗಿ ತಿರುಗಿ ಬರುತ್ತಿದ್ದೆ. ನನ್ನ ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಚ್ಚಿ ಬಂದಿದ್ದೆ. ಪಕ್ಕದಲ್ಲಿ ಕುಳಿತ ಕಾಲೇಜು ಹುಡುಗಿ ವಾಟ್ಸಾಪಿನ ಸ್ಟೇಟಸ್ಸುಗಳನ್ನು ಬೆರಳಿನಿಂದ ಸರಿಸುತ್ತಿದ್ದಳು. ಹಾಗೆ ಸರಿಸುವಾಗ ನನ್ನ ತಮ್ಮನ ಮುಖ ಬಂತು. ಭುಜದವರೆಗೆ ಇಳಿದ ಕೂದಲು, ಕೊರಳಲ್ಲಿ ಗಿಟಾರು. ಅವನ ಹರೆಯದ ಚಿತ್ರ. ಬರುವ ರವಿವಾರ ಜಮಖಂಡಿಯಲ್ಲಿ ನಡೆಯಬೇಕಾಗಿದ್ದ ಕಾರ್ಯಕ್ರಮದ ಫ್ಲೆಕ್ಸಿಗೂ ಅದೇ ಚಿತ್ರವನ್ನು ಹಾಕಿದ್ದರು. ಊರ ಹುಡುಗಿಯರ ಫೋನಿನವರೆಗೂ ಸುದ್ದಿ ಮುಟ್ಟಿದೆಯಲ್ಲ ಎಂದು ನಾನು ಹಿಗ್ಗಿದೆ.

"ತಂಗಿ, ಅಂವ ನನ್ನ ತಮ್ಮ. ರವಿವಾರ ಕಾರ್ಯಕ್ರಮಕ್ಕ ನೀನೂ ಹೊಂಟೀ ಏನವಾ?"

ಹುಡುಗಿ ನನ್ನ ಮುಖ ನೋಡಿದಳು. ಫೋನನ್ನು ಮಗುಚಿ ಇಟ್ಟುಕೊಂಡಳು. "ಅಜ್ಜಾರ, ನಿಮಗ ಮನ್ಯಾಗ ಯಾರೂ ಹೇಳಿಲ್ಲೇನ್ರಿ?"

"ಏನ ಹೇಳೂದು?"

ಅವಳು ಫೋನನ್ನು ತಿರುಗಿಸಿ ನನ್ನ ಕೈಯಲ್ಲಿ ಕೊಟ್ಟಳು. ಚಿತ್ರದ ಕೆಳಗೆ ಮುಗಿದ ಎರಡು ಕೈಗಳಿದ್ದವು. 'ಓಂ ಶಾಂತಿ' ಎಂದು ಬರೆದಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ನಾನು ಆ ಮೂರು ಅಕ್ಷರಗಳನ್ನು ಮತ್ತೆ ಮತ್ತೆ ಓದಿದೆ. ಅವು ಕೂಡಿ ಒಂದು ಅರ್ಥವಾಗಲಿಲ್ಲ. ಬಸ್ಸು ನಿಂತಿತು, ಜನ ಇಳಿದರು. ಇಳಿಯಬೇಕೆಂಬುದು ನನಗೆ ಹೊಳೆಯಲಿಲ್ಲ. ಕಂಡಕ್ಟರನೇ ತೋಳು ಹಿಡಿದು ಇಳಿಸಿದ.

ಮುಧೋಳದ ಅವನ ಮನೆ ಮುಟ್ಟಿದಾಗ ಅಂಗಳದಲ್ಲಿ ಜನ ಕೂಡಿದ್ದರು. ಚಹಾ ಕುಡಿದು ಕಪ್ಪು ಕೆಳಗಿಡುವಷ್ಟರಲ್ಲಿ ಎದೆ ಹಿಡಿದುಕೊಂಡನಂತೆ. ದವಾಖಾನೆ ಮುಟ್ಟುವ ಮೊದಲೇ ಉಸಿರು ನಿಂತಿತಂತೆ. ಅವನ ಹೆಂಡತಿ ಉಜ್ವಲಾ ಗೋಡೆಯನ್ನೇ ನೋಡುತ್ತ ಕುಳಿತಿದ್ದಳು. "ಭಾವಾರ, ಚಹಾದಾಗ ಸಕ್ಕರಿ ಕಡಿಮಿ ಆಗೇತಿ ಅಂದ್ರು. ಸಕ್ಕರಿ ತರಾಕ ಒಳಗ ಹೋಗಿದ್ದೆ, ಅಷ್ಟ," ಎಂದಳು. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು.

ನಮ್ಮಲ್ಲಿ ಲಿಂಗೈಕ್ಯರಾದವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸಿ, ವಸ್ತ್ರದಿಂದ ಬಿಗಿದು, ಹಣೆಗೆ ವಿಭೂತಿ ಹಚ್ಚಿ, ಮಾಲೆ ಹಾಕಿ, ಮುಂದೆ ಕುಳಿತು ಭಜನೆ ಮಾಡುತ್ತೇವೆ. ಮೈ ಸೆಡೆಯುವ ಮೊದಲು ಕೂಡಿಸಬೇಕು. ಭಜನಾ ಮೇಳದ ಹಿರಿಯನೆಂದು ಬನಹಟ್ಟಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಈ ಕೆಲಸಕ್ಕೆ ನನ್ನನ್ನೇ ಕರೆಯುತ್ತಾರೆ. ತಮ್ಮನನ್ನೂ ನಾನೇ ಕೂಡಿಸಿದೆ. ಎತ್ತರದ ಆಳು. ಬಿಗಿದಷ್ಟೂ ಬಲಕ್ಕೆ ವಾಲುತ್ತಿದ್ದ. ಸಂಜೆ ಚಿಮ್ಮಡದ ನಮ್ಮ ಹೊಲದಲ್ಲಿ ಅವನನ್ನು ಮಣ್ಣಿಗೆ ಒಪ್ಪಿಸಿದೆವು.

ಆ ರವಿವಾರದ ಕಾರ್ಯಕ್ರಮದ ಸಂಗತಿಯನ್ನು ಇಲ್ಲಿ ಹೇಳಬೇಕು. ಪರಮಾನಂದ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಸೇರಿದ ಹೊಸತರಲ್ಲಿ, ಮುಂಬಯಿ ಕಡೆಯ ಇಂಜಿನಿಯರರೊಬ್ಬರು ಅವನಿಗೆ ಇಂಗ್ಲಿಷ್ ರಾಕ್ ಸಂಗೀತದ ಕ್ಯಾಸೆಟ್ಟುಗಳನ್ನು ಕೇಳಿಸಿದ್ದರು. ಅದರ ಹುಚ್ಚು ಹಿಡಿದು ಗೆಳೆಯರು ಕೂಡಿ 'ಉರಿಗಾಳಿ' ಎಂಬ ತಂಡ ಕಟ್ಟಿದರು. ಆ ಅಬ್ಬರಕ್ಕೆ ಕನ್ನಡದ ಮಾತು ಹೊಂದಿಸಿ ಇವನೇ ಹಾಡು ಬರೆದ. ಮುಧೋಳ, ಬೀಳಗಿ, ರಬಕವಿಗಳಲ್ಲಿ ಗಣಪತಿ ಕೂಡಿಸಿದಲ್ಲೆಲ್ಲ ಹಾಡಿದರು. ನನಗೆ ಅದು ಸಂಗೀತವೆನಿಸಲಿಲ್ಲ. ಆದರೆ ಹುಡುಗರು ಮರ ಹತ್ತಿ ಕೇಳುತ್ತಿದ್ದರು. ಮುಂದೆ ಒಬ್ಬನಿಗೆ ಪುಣೆಯಲ್ಲಿ ನೌಕರಿಯಾಯಿತು, ಇನ್ನೊಬ್ಬನ ಲಗ್ನ ಗೊತ್ತಾಯಿತು. ತಂಡ ಮುಗಿಸುವುದೆಂದು ಗಟ್ಟಿಮಾಡಿ ಜಮಖಂಡಿಯ ಪೋಲೋ ಮೈದಾನದಲ್ಲಿ ಬೀಳ್ಕೊಡುಗೆಯ ಕಾರ್ಯಕ್ರಮ ಇಟ್ಟರು. ಅದು ಪೂರ್ತಿಯಾಗಲಿಲ್ಲ. ಕಡೆಯ ಹಾಡಿಗೆ ಮೊದಲೇ ವೇದಿಕೆಯ ಮೇಲೆ ಕಲ್ಲು ಬಿದ್ದವು. ಆಗ ನಾನು ಬೀಳಗಿಯಲ್ಲಿ ಮಾಸ್ತರನಾಗಿದ್ದೆ. ಏಕೆಂದು ಕೇಳಿದರೆ ತಮ್ಮ, "ಕುಡದವರು ಗದ್ದಲಾ ಹಾಕಿದ್ರಣ್ಣಾ," ಎಂದಿದ್ದ. ನಾನು ನಂಬಿದ್ದೆ.

ಈಗ ಅವನ ಮಗಳು ಅಕ್ಷತಾ ಆ ಸಂಜೆಯನ್ನೇ ಮತ್ತೆ ಕಟ್ಟಿ ನಿಲ್ಲಿಸಲು ಹೊರಟಿದ್ದಳು. ಅವಳು ಜಮಖಂಡಿಯ ಕಾಲೇಜಿನಲ್ಲಿ ಕಲಿಸುತ್ತಾಳೆ, ಅಪ್ಪನಂತೆಯೇ ಗಿಟಾರು ನುಡಿಸುತ್ತಾಳೆ. ಅದೇ ಮೈದಾನ, ಅವೇ ಹಾಡು, ಅದೇ ಕ್ರಮ. ಹಳೆಯ ತಂಡದಿಂದ ಡ್ರಮ್ಮಿನ ಯಮನಪ್ಪನೊಬ್ಬ, ಉಳಿದವರು ಹೊಸ ಹುಡುಗರು. ಪರಮಾನಂದ ತಾನೇ ಕುಳಿತು ಅವರಿಗೆ ಕಲಿಸಿದ್ದ. ಅಂದು ಉಳಿದುಹೋದ ಕಡೆಯ ಹಾಡು ಒಮ್ಮೆ ಪೂರ್ತಿಯಾಗಬೇಕು, ತಾನು ಮುಂದಿನ ಸಾಲಿನಲ್ಲಿ ಕುಳಿತು ಕೇಳಬೇಕು. ಇದೊಂದೇ ಅವನ ಆಸೆಯಾಗಿತ್ತು.

ಸಮಾಧಿಗೆ ಹಾಲು ತುಪ್ಪ ಎರೆದು ಹೊಲದಿಂದ ಬಂದ ಮೇಲೆ ನಾನು, "ಕಾರ್ಯಕ್ರಮ ಮುಂದ ಹಾಕ್ರಿ. ಕಡೀ ದಿನದ ಗಣಾರಾಧನಿ ಆಗೂತನಕ ಮನಿ ಮಕ್ಕಳು ಪದಾ ಹಾಡಿಕೋತ ಕುಣೀಬಾರದು," ಎಂದೆ.

ಅಕ್ಷತಾಳ ಕಣ್ಣು ಬಾತಿದ್ದವು. ಮಾತು ಮಾತ್ರ ಗಟ್ಟಿಯಾಗಿತ್ತು. "ದೊಡ್ಡಪ್ಪ, ಲಿಂಗಾ ಕಟ್ಟಿದವರಿಗೆ ಸೂತಕ ಇಲ್ಲ ಅಂತ ಊರ ಮಂದಿಗೆಲ್ಲ ಹೇಳಿಕೋತ ಬಂದವರು ನೀವರಿ. ನಮ್ಮಪ್ಪಗಷ್ಟ ಎಲ್ಲಿಂದ ಬಂತ್ರಿ ಸೂತಕ?"

ನಾನು ಮಾತು ತಿರುಗಿಸಿದೆ. "ಸೂತಕದ ಮಾತಲ್ಲವಾ. ಅವನ ಆತ್ಮಕ್ಕ ಶಾಂತಿ ಬೇಕು. ಮಂದಿ ಅವನ ಹೆಸರೀಲೆ ಮತ್ತ ಗದ್ದಲಾ ಹಾಕಿದ್ರ?"

"ಹಾಡು ಪೂರ್ತಿ ಆಗದಿದ್ರ ಶಾಂತಿ ಎಲ್ಲೀದ್ರಿ ಅವಗ?"

ಯಮನಪ್ಪ ಮೂಲೆಯಲ್ಲಿ ಕಾಲು ಚಾಚಿ ಕುಳಿತಿದ್ದ. "ಮಾಸ್ತರ, ಮುಂದ ಹಾಕಿದ್ರ ನಾ ಉಳೀಬೇಕಲ್ರಿ? ಡ್ರಮ್ಮಿನ ಮುಂದ ಕುಂತ್ರ ಎಬ್ಬಸಾಕ ಇಬ್ಬರು ಬೇಕಾಗ್ಯಾರ ನನಗ."

ಉಜ್ವಲಾ ಅಂದು ಮೊದಲ ಸಲ ಸಕ್ಕರೆಯ ಮಾತು ಬಿಟ್ಟು ಬೇರೆ ಮಾತಾಡಿದಳು. "ಹಾಡ್ಲಿ ಬಿಡ್ರಿ ಭಾವಾರ."

ಒಪ್ಪಿದೆ. ಒಂದೇ ಕರಾರು ಹಾಕಿದೆ: "ಹೋದವರಿಗೆ ಅಪಮಾನ ಆಗೂವಂಥಾದ್ದು ಏನೂ ಆಗಬಾರದು. ಆದ್ರ ನಾನ ಎದ್ದು ನಿಲ್ಲಸ್ತೀನಿ." ಅಕ್ಷತಾ ಯಮನಪ್ಪನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ. ಅದರ ಅರ್ಥ ನನಗೆ ಆಗ ತಿಳಿಯಲಿಲ್ಲ.

ರವಿವಾರ ಸಾಯಂಕಾಲ ಮೈದಾನ ತುಂಬಿತು. ಅಂದು ಮರ ಹತ್ತಿ ಕೇಳಿದವರು ಈಗ ಮೊಮ್ಮಕ್ಕಳ ಕೈ ಹಿಡಿದು ಬಂದಿದ್ದರು. ಯಮನಪ್ಪ ಹಳೆಯ ಚರ್ಮದ ಜಾಕೀಟು ಹಾಕಿಕೊಂಡಿದ್ದ. ಹೊಟ್ಟೆಯ ಮೇಲೆ ಅದರ ಒಂದು ಗುಂಡಿಯೂ ಕೂಡುತ್ತಿರಲಿಲ್ಲ. "ಏ ಯಮನ್ಯಾ, ಜಾಕೀಟಿಗೆ ಉಸರಾಡಾಕರ ಬಿಡೋ!" ಎಂದು ಯಾರೋ ಕೂಗಿದರು. ಜನ ನಕ್ಕರು. ಅವನು ವೇದಿಕೆ ಹತ್ತುವ ಮೊದಲು ನನ್ನ ಹತ್ತಿರ ಬಂದ.

"ಮಾಸ್ತರ, ಕಡೀ ಹಾಡಿನ ಹೊತ್ತಿಗೆ ನೀವು ಮನಿಗೆ ಹೋಗ್ರಿ. ಗಾಡಿ ಹೇಳೀನಿ."

"ಯಾಕಪಾ?"

"ಸುಮ್ಮ ಹೋಗ್ರಿ ಅಂದ್ರ ಹೋಗ್ರೆಲಾ," ಎಂದು ನಿಲ್ಲದೆ ಹೊರಟುಹೋದ.

ನಾನು ಹೋಗಲಿಲ್ಲ. ಅಕ್ಷತಾ ಅಪ್ಪನ ಗಿಟಾರನ್ನು ಕೊರಳಿಗೆ ಹಾಕಿಕೊಂಡು ಬಂದಳು. ಅವನ ಅಂಗಿ, ಅವನಂತೆಯೇ ಬಿಟ್ಟ ಕೂದಲು. ಹಾಡಿನ ಮೇಲೆ ಹಾಡು ಬಂದವು. ಜನ ಕುಣಿದರು, ಅತ್ತರು. ನಾನು ಕಣ್ಣು ಮುಚ್ಚಿ ಮನಸ್ಸಿನಲ್ಲಿ ಪಂಚಾಕ್ಷರಿ ಜಪಿಸುತ್ತಿದ್ದೆ. ಗದ್ದಲ ಒಮ್ಮೆಲೇ ನಿಂತಾಗ ಕಣ್ಣು ತೆರೆದೆ.

ವೇದಿಕೆಯ ನಡುವೆ ಒಂದು ಕುರ್ಚಿ ತಂದಿಟ್ಟಿದ್ದರು. ಅಕ್ಷತಾ ಗಿಟಾರನ್ನು ಕೊರಳಿನಿಂದ ತೆಗೆದು ಅದರಲ್ಲಿ ಕೂಡಿಸಿದಳು. ಬಿಳಿಯ ವಸ್ತ್ರ ಸುತ್ತಿದಳು. ಮೂರು ಬೆರಳಿನಿಂದ ಅದಕ್ಕೆ ವಿಭೂತಿ ಎಳೆದಳು. ಮಾಲೆ ಹಾಕಿದಳು.

ಕಳೆದ ಸೋಮವಾರ ನನ್ನ ತಮ್ಮ ಹೀಗೆಯೇ ಕುಳಿತಿದ್ದ. ಹೀಗೆಯೇ ಅವನಿಗೆ ಮಾಲೆ ಬಿದ್ದಿತ್ತು.

ಅಕ್ಷತಾ ಮೈಕಿನ ಮುಂದೆ ಬಂದಳು. "ಅವತ್ತ ನಮ್ಮಪ್ಪ ಈ ಗಿಟಾರಿಗೆ ಹಿಂಗ ಮಾಡಿದ್ದ. ನಮ್ಮನ್ನ ಸಾಕಿದ್ದು ಇದು, ಇದರ ಕೆಲಸಾ ಮುಗೀತು, ನಮ್ಮ ಮನಿ ಹಿರ್ಯಾರ್ನ ಕಳಿಸಿದಂಗ ಇದನ್ನೂ ಕಳಸೂಣು ಅಂದಿದ್ದ. ಅಷ್ಟಕ್ಕ ಕಲ್ಲು ಬಿದ್ದುವು. ಹಾಡು ಉಳೀತು."

ಮೈದಾನದಲ್ಲಿ ಗುಜುಗುಜು ಎದ್ದಿತು. "ಇಳೀರಿ ಕೆಳಗ! ಸತ್ತವರ ಚ್ಯಾಷ್ಟಿ ಮಾಡ್ತೀರೇನು?" ಎಂದು ಹಿಂದಿನಿಂದ ದನಿ ಬಂತು. "ಧರ್ಮಾ ಅನ್ನೂದು ಐತಿಲ್ಲೋ?" ಎಂದಿತು ಇನ್ನೊಂದು ದನಿ. ಒಂದು ಚಪ್ಪಲಿ ಬಂದು ಡ್ರಮ್ಮಿಗೆ ಬಡಿಯಿತು. ನನ್ನ ಸುತ್ತ ಕುಳಿತ ಹಿರಿಯರು ನನ್ನ ಕಡೆ ತಿರುಗಿದರು. "ಮಾಸ್ತರ, ನಿಮ್ಮ ಮನಿ ಕೂಸು. ಹೇಳ್ರಿ ಆಕೀಗಿ."

ಹೇಳಬೇಕೆಂದೇ ಎದ್ದೆ. ಇದು ಅಪಮಾನವೆಂದೇ ಆ ಗಳಿಗೆಯಲ್ಲಿ ನನಗೆ ಅನಿಸಿತ್ತು. ತಮ್ಮ ನನ್ನಿಂದ ಬಚ್ಚಿಟ್ಟದ್ದು ಇದನ್ನೇ ಎಂದು ಸಿಟ್ಟೂ ಬಂದಿತ್ತು. ಮೆಟ್ಟಿಲು ಹತ್ತಿದೆ. 'ನಿಲ್ಲಿಸವಾ' ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು.

ಅಷ್ಟರಲ್ಲಿ ಗಿಟಾರು ವಾಲಿತು.

ಅಕ್ಷತಾಳಿಗೆ ವಸ್ತ್ರ ಬಿಗಿಯಲು ಬಂದಿರಲಿಲ್ಲ. ಗಂಟು ಜಾರಿತು. ಗಿಟಾರು ಕುರ್ಚಿಯಿಂದ ಬಲಕ್ಕೆ ಸರಿಯತೊಡಗಿತು. ಏನು ಮಾಡುತ್ತಿದ್ದೇನೆಂದು ನನಗೆ ತಿಳಿಯುವ ಮೊದಲೇ ನನ್ನ ಎರಡೂ ಕೈಗಳು ಅದನ್ನು ಹಿಡಿದಿದ್ದವು. ಎಷ್ಟೋ ಮನೆಗಳಲ್ಲಿ ಎಷ್ಟೋ ಜನರನ್ನು ಹಿಡಿದ ಕೈಗಳು, ನನ್ನನ್ನು ಕೇಳಲಿಲ್ಲ. ಒಂದು ಕೈ ಬೆನ್ನಿಗೆ, ಒಂದು ಕೈ ಕೊರಳಿಗೆ. ತಂತಿಗಳು ಅಂಗೈಯಲ್ಲಿ ಸಣ್ಣಗೆ ಮಿಡಿದವು. ಕಟ್ಟಿಗೆ ಬೆಚ್ಚಗಿತ್ತು. ಇಷ್ಟು ಹೊತ್ತು ಆ ಕೂಸಿನ ಎದೆಗೆ ಆತುಕೊಂಡಿದ್ದ ಬಿಸಿ ಅದು. ನನ್ನ ತಮ್ಮನ ಮೈಯಲ್ಲಿ ಅಂದು ಆ ಬಿಸಿ ಇರಲಿಲ್ಲ.

ಸತ್ತವರನ್ನು ಕೂಡಿಸುವ ಮಾಸ್ತರ ಗಿಟಾರನ್ನು ಹಿಡಿದು ನಿಂತದ್ದನ್ನು ಕಂಡು, ಎತ್ತಿದ ಕೈಗಳು ಎತ್ತಿದಲ್ಲಿಯೇ ಉಳಿದವು.

"ದೊಡ್ಡಪ್ಪ," ಎಂದಳು ಅಕ್ಷತಾ. "ನಿಲ್ಲಸ್ಲೇನ್ರಿ?"

ನನ್ನ ನಾಲಿಗೆಯ ಮೇಲಿನ ಮಾತು ಎಲ್ಲಿಯೋ ಹೋಗಿತ್ತು. "ಹಿಂಗ ಕಟ್ಟಬಾರದವಾ," ಎಂದೆ. "ಬಗಲಾಗಿಂದ ತಂದು ಹಿಂದ ಬಿಗೀಬೇಕು. ಇಲ್ಲದಿದ್ರ ಬೀಳ್ತಾರ." ಬೀಳುತ್ತದೆ ಎನ್ನಬೇಕಿತ್ತು. ತಿದ್ದಿಕೊಳ್ಳಲಿಲ್ಲ. ವಸ್ತ್ರ ಬಿಚ್ಚಿ ಮತ್ತೆ ಬಿಗಿದೆ. ಕದಡಿದ ವಿಭೂತಿಯನ್ನು ಸರಿಯಾಗಿ ಎಳೆದೆ. "ಹಾಡು. ನಾ ಹಿಡಕೊಂಡಿರ್ತೀನಿ."

ಅವಳು ಬೇರೆ ಗಿಟಾರು ಮುಟ್ಟಲಿಲ್ಲ. ಬರಿಗೊರಳಿನಲ್ಲಿ ಹಾಡಿದಳು. ಹಿಂದಿನಿಂದ ಯಮನಪ್ಪ ಒಂದೇ ಕೋಲಿನಿಂದ ಮೆಲ್ಲಗೆ ಬಾರಿಸುತ್ತಿದ್ದ. ಇಷ್ಟು ವರ್ಷ ಯಾರೂ ಕೇಳದ ಆ ಹಾಡಿನಲ್ಲಿ ಅಬ್ಬರವಿರಲಿಲ್ಲ. 'ಹೊರಟವನ ಹಿಂದೆ ಕದ ಇಕ್ಕಬೇಡಿರಿ' ಎಂಬ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಅಂಥ ಮಾತನ್ನು ನನ್ನ ತಮ್ಮ ಅಷ್ಟು ಚಿಕ್ಕ ವಯಸ್ಸಿನಲ್ಲಿ ಬರೆದಿದ್ದನೆಂದು ನನಗೆ ಗೊತ್ತಿರಲಿಲ್ಲ. ಒಂದೇ ಮನೆಯ ಅನ್ನ ಉಂಡವರು ನಾವು.

ಹಾಡು ಪೂರ್ತಿಯಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನವರು ಎದ್ದು ನಿಂತು ಕೈ ಮುಗಿದರು, ಹಿಂದಿನವರೂ ಎದ್ದರು. ಕೆಲವರು ಬೈಯುತ್ತಲೇ ಹೊರಟುಹೋದರು. ಅವರದು ತಪ್ಪೆಂದು ನಾನು ಹೇಳಲಾರೆ.

"ದೊಡ್ಡಪ್ಪ, ಬಿಡ್ರಿ ಇನ್ನ. ಮುಗೀತು," ಎಂದಳು ಅಕ್ಷತಾ. ನನ್ನ ಬೆರಳುಗಳು ಬಿಡಲಿಲ್ಲ. ಅವಳೇ ಒಂದೊಂದಾಗಿ ಬಿಡಿಸಿದಳು. ಆಮೇಲೆ ಮೈಕನ್ನು ನನ್ನ ಮುಂದೆ ಸರಿಸಿ, "ಏನರ ಹೇಳ್ರಿ ಅಪ್ಪಗ," ಎಂದಳು.

ನನಗೆ ಬೇರೆ ಮಾತು ತಿಳಿಯದು. ಅಂದು ಜನರ ಮುಂದೆ ಹೇಳಿದ್ದನ್ನೇ ಇಲ್ಲಿಯೂ ಬರೆದು ಕೈ ಮುಗಿಯುತ್ತೇನೆ. ತಂದೆ, ನಮ್ಮೂರ ಕಾಡಸಿದ್ಧೇಶ್ವರಾ, ನಾವು ಮಾಡಿದ್ದು ಸರಿಯೋ ತಪ್ಪೋ ನೀನೇ ಬಲ್ಲೆ. ತಪ್ಪಾಗಿದ್ದರೆ ಅದು ನನ್ನ ಕೈಗಳದು, ಅವನ ಮೇಲೆ ಹಾಕಬೇಡ. ನನ್ನ ತಮ್ಮ ಪರಮಾನಂದ ಹೇಳದೆ ಕೇಳದೆ ಎದ್ದು ನಿನ್ನ ಕಡೆ ಬಂದಿದ್ದಾನೆ. ಅವನನ್ನು ನಿನ್ನ ಪಾದದ ನೆರಳಿನಲ್ಲಿ ಕೂಡಿಸಿಕೋ. ಅವನ ಜೀವಕ್ಕೆ ಶಾಂತಿಯನ್ನು ಕೊಡು.